ಶ್ರೀಲಂಕಾದ ಕಾಡುಗಳಿಗೆ ಹೊರಡುವವರು ಮೊದಲು ಮಳೆಯ ಲೆಕ್ಕ ಹಾಕಿ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇಷ್ಟು ಹತ್ತಿರವಿರುವುದರಿಂದಲೇ ನಮ್ಮವರು ರಜೆ ಸಿಕ್ಕಾಗ ಟಿಕೆಟ್ ತೆಗೆದು, ಆಮೇಲೆ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಾರೆ. ದೇವಸ್ಥಾನ, ಕಡಲತೀರ ನೋಡುವವರಿಗೆ ಅದು ನಡೆದೀತು. ಕಾಡು ನೋಡಲು ಹೋಗುವವರಿಗೆ ನಡೆಯುವುದಿಲ್ಲ. ಆ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಸಿಂಹರಾಜದ ಮಳೆಕಾಡು ಮತ್ತು ಪಶ್ಚಿಮದ ಬೆಟ್ಟಗಳ ಮೇಲೆ ಸುರಿದರೆ, ಉತ್ತರ ಮತ್ತು ಪೂರ್ವದ ಬಯಲು ಒಣಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ತಿರುವುಮುರುವು. ನಡುವಿನ ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಎಲ್ಲೆಂದರಲ್ಲಿ ಗುಡುಗುಮಳೆ.

ಹಾಗಾಗಿ ದಸರಾ ರಜೆ ಕಾಡಿಗೆ ಅಷ್ಟು ಒಳ್ಳೆಯ ಸಮಯವಲ್ಲ. ಚಿರತೆಗೆ ಹೆಸರಾದ ಯಾಲ ಉದ್ಯಾನದ ಮುಖ್ಯ ಭಾಗವಾದ ಒಂದನೇ ಬ್ಲಾಕನ್ನು ಬರಗಾಲದ ಕಾರಣ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುವ ರೂಢಿಯೂ ಇದೆ. ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ 13, 14ರ ಸಿಂಹಳ-ತಮಿಳು ಹೊಸವರ್ಷದ ಆಸುಪಾಸನ್ನು ತಪ್ಪಿಸಿ. ಚಾಲಕರು, ಗೈಡುಗಳೆಲ್ಲ ಊರಿಗೆ ಹೋಗಿರುತ್ತಾರೆ, ಅಂಗಡಿಗಳು ಬಾಗಿಲು ಹಾಕಿರುತ್ತವೆ. ಜನವರಿಯಿಂದ ಮಾರ್ಚ್‌ವರೆಗಾದರೆ ಸಿಂಹರಾಜ, ಉಡವಲವೆ, ಹಾರ್ಟನ್ ಪ್ಲೇನ್ಸ್ ಆರಿಸಿಕೊಳ್ಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗಾದರೆ ಹಬರಣ ಊರಿನ ಸುತ್ತಿನ ಆನೆಗಳು ಮತ್ತು ವಿಲ್ಪತ್ತು ಕಾಡು. ಎಂಟು ದಿನದಲ್ಲಿ ಎರಡೂ ಕಡೆ ತುರುಕಬೇಡಿ. ಬೆಟ್ಟದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ನಕ್ಷೆಯಲ್ಲಿ ಗೇಣುದ್ದ ಕಂಡದ್ದಕ್ಕೆ ಅರ್ಧ ದಿನ ಹೋಗುತ್ತದೆ.

ಒಂದೇ ಕಡೆ ಹೋಗುವಷ್ಟು ಸಮಯವಿದ್ದರೆ ಸಿಂಹರಾಜಕ್ಕೆ ಹೋಗಿ. ಆಗುಂಬೆ, ಕುದುರೆಮುಖ ನೋಡಿದವರಿಗೆ ಮೊದಲ ನೋಟಕ್ಕೆ ಇದರಲ್ಲಿ ಹೊಸದೇನಿದೆ ಅನ್ನಿಸಬಹುದು. ಜೀವವೈವಿಧ್ಯದ ಲೆಕ್ಕದಲ್ಲಿ ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಒಂದೇ ವಲಯ, ಮಲಬಾರ್ ಟ್ರೋಗನ್ ಎಂಬ ಹಕ್ಕಿ ಇಲ್ಲೂ ಇದೆ, ಅಲ್ಲೂ ಇದೆ. ಆದರೆ ಶ್ರೀಲಂಕಾದಲ್ಲಿ ಮಾತ್ರ ಇರುವ ಹಕ್ಕಿಗಳಲ್ಲಿ ಬಹುಪಾಲನ್ನು ಈ ಒಂದೇ ಕಾಡಿನಲ್ಲಿ ನೋಡಬಹುದು: ನೀಲಿ ಮ್ಯಾಗ್ಪೈ, ಕೆಂಪುಮುಖದ ಮಲ್ಕೋಹ, ಹಸಿರು ಕೊಕ್ಕಿನ ಕೆಂಬೂತ, 2004ರಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆದ ಸೆರೆಂಡಿಬ್ ಗೂಬೆ. 1988ರಿಂದ ಇದು ವಿಶ್ವ ಪರಂಪರೆಯ ತಾಣ.

ಒಳಹೋಗಲು ಮುಖ್ಯವಾಗಿ ಎರಡು ದಾರಿ. ರತ್ನಪುರ, ಕಲವಾನ ಮಾರ್ಗವಾಗಿ ಕುಡವಾ ದ್ವಾರ, ದಕ್ಷಿಣದಲ್ಲಿ ದೆನಿಯಾಯ ಕಡೆಯ ದ್ವಾರ. ತೊರೆ, ಜಲಪಾತ ಬೇಕೆಂದರೆ ದೆನಿಯಾಯ. ಹಕ್ಕಿ ಬೇಕೆಂದರೆ ಕುಡವಾ. ಕುಡವಾ ಕಡೆ 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಮರ ಕಡಿದರು, ಜನರ ವಿರೋಧದಿಂದ ಅದು ನಿಂತಿತು. ಆಗ ಮರ ಸಾಗಿಸಲು ಮಾಡಿದ ಅಗಲದ ದಾರಿಯೇ ಈಗಿನ ಕಾಲುದಾರಿ. ತಲೆಯ ಮೇಲೆ ಸ್ವಲ್ಪ ಆಕಾಶ ತೆರೆದಿರುವುದರಿಂದ ಹಕ್ಕಿ ಕಣ್ಣಿಗೆ ಬೀಳುತ್ತದೆ. ಕೊಲಂಬೊದಿಂದ ನಾಲ್ಕೈದು ಗಂಟೆಯ ಪ್ರಯಾಣ. ಗೈಡ್ ಕಡ್ಡಾಯ.

ಇಲ್ಲಿ ನಡೆದಷ್ಟೂ ಹೆಚ್ಚು ಹಕ್ಕಿ ಕಾಣುತ್ತದೆಂಬುದು ತಪ್ಪು ಲೆಕ್ಕ. ಹಲವು ಜಾತಿಯ ಹಕ್ಕಿಗಳು ಒಂದೇ ತಂಡವಾಗಿ ಮೇಯುತ್ತಾ ಸಾಗುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಮುಂದೆ ಗಲಾಟೆ ಮಾಡುತ್ತಾ ಹೋಗುತ್ತವೆ, ಜುಟ್ಟಿನ ಕಾಜಾಣ ಜೊತೆಗಿರುತ್ತದೆ, ಟ್ರೋಗನ್, ಮಲ್ಕೋಹಗಳು ಹಿಂಬಾಲಿಸುತ್ತವೆ. ಒಂದು ಗಂಟೆ ಏನೂ ಕಾಣದೆ, ಆಮೇಲೆ ಹತ್ತು ನಿಮಿಷದಲ್ಲಿ ಹತ್ತು ಜಾತಿ ಕಾಣುವುದು ಇದರಿಂದಲೇ. ಹರಟೆಮಲ್ಲನ ಸದ್ದು ಕೇಳಿದ ಕೂಡಲೇ ನಿಲ್ಲಿ, ಅದರ ಹಿಂದೆ ಓಡಬೇಡಿ. ಮುಂದಿನ ಹಕ್ಕಿ ನೋಡಿ ಗೈಡ್ ಹೊರಟರೂ ಹಿಂದಿನ ಸಾಲು ಬರುವವರೆಗೆ ಕಾಯಿರಿ. ಕುಡವಾದಲ್ಲಿ ಎರಡು ರಾತ್ರಿ ಉಳಿಯಿರಿ. ಕೊಲಂಬೊದಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವವರಿಗೆ ಸಿಗುವುದು ಮಧ್ಯಾಹ್ನದ ಮಳೆ ಮತ್ತು ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ.

ಉಂಬಳದ ವಿಷಯಕ್ಕೆ ಬಂದರೆ, ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ, ಬಯಲುಸೀಮೆಯವರಿಗಾಗಿ ಈ ಮಾತು. ಮಾಮೂಲಿ ಕಾಲುಚೀಲದ ಹೆಣಿಗೆಯ ಸಂದಿಯಲ್ಲಿ ಮರಿ ಉಂಬಳ ದಾರದಂತೆ ತೂರುತ್ತದೆ. ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಹೊಲಿದ, ಮೊಣಕಾಲಿನವರೆಗೆ ಬರುವ ಉಂಬಳದ ಚೀಲ ಬೇಕು. ಪ್ಯಾಂಟನ್ನು ಅದರೊಳಗೆ ತುರುಕಿ ಮೇಲೆ ಗಂಟು ಕಟ್ಟಬೇಕು. ತಿಳಿ ಬಣ್ಣದ್ದಾದರೆ ಹತ್ತುವುದು ಕಾಣುತ್ತದೆ. ಕಚ್ಚಿದರೆ ಗಾಬರಿಯಲ್ಲಿ ಎಳೆಯಬೇಡಿ. ಸಣ್ಣ ತುದಿಯ ಬಾಯಿಯ ಕಡೆಯಿಂದ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿ ಬಿಡಿಸಿ. ಉಪ್ಪು, ಸುಣ್ಣ ಹಾಕಿದರೆ ಬಿಡುತ್ತದೆ ನಿಜ, ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೊರಡುವ ಮುನ್ನ ವೈದ್ಯರನ್ನು ಕೇಳಿ.

ಆನೆಗೆ ಉಡವಲವೆ. 1972ರಲ್ಲಿ ಘೋಷಣೆಯಾದ ಈ ಉದ್ಯಾನ ವಲವೆ ನದಿಯ ಜಲಾಶಯದ ಸುತ್ತ ಇದೆ, ಬಹುಪಾಲು ಹುಲ್ಲುಗಾವಲಾದ್ದರಿಂದ ವರ್ಷವಿಡೀ ಆನೆ ಕಾಣುತ್ತದೆ. ಕಬಿನಿ, ನಾಗರಹೊಳೆಯ ಕಣ್ಣಿನಲ್ಲಿ ನೋಡಿದರೆ ಎಲ್ಲವೂ ಹೆಣ್ಣಾನೆಗಳೇ ಅನ್ನಿಸುತ್ತದೆ. ಹಾಗಲ್ಲ, ಶ್ರೀಲಂಕಾದ ಗಂಡಾನೆಗಳಲ್ಲಿ ದಂತವಿರುವುದು ಬಹಳ ಕಡಿಮೆ, ನಾವು ಮಖನಾ ಎನ್ನುವುದೇ ಅಲ್ಲಿ ಮಾಮೂಲಿ. ಒಂಟಿಯಾಗಿ ನಿಂತ ದಂತವಿಲ್ಲದ ದೊಡ್ಡ ಆನೆ ಕಂಡರೆ ಹೆಣ್ಣೆಂದು ಧೈರ್ಯ ಮಾಡಿ ಜೀಪ್ ಹತ್ತಿರ ಒಯ್ಯಲು ಹೇಳಬೇಡಿ. ಪಕ್ಕದಲ್ಲೇ 1995ರಲ್ಲಿ ಶುರುವಾದ ಆನೆಮರಿಗಳ ಕೇಂದ್ರವಿದೆ. ತಾಯಿ ಕಳೆದುಕೊಂಡ ಮರಿಗಳಿಗೆ ಹಾಲು ಕುಡಿಸಿ, ಬೆಳೆಸಿ ಕಾಡಿಗೆ ಬಿಡುತ್ತಾರೆ. ಹಾಲು ಕುಡಿಸುವುದನ್ನು ದೂರದ ಕಟ್ಟೆಯಿಂದ ನೋಡಬಹುದು, ಮುಟ್ಟಲು ಬಿಡುವುದಿಲ್ಲ. ಅದೇ ಅದರ ಒಳ್ಳೆಯತನ. ಆನೆ ಸವಾರಿ, ಆನೆ ಸ್ನಾನ ಎಂದು ಹಣ ಕೇಳುವ ಕಡೆಗೆ ಹೋಗಲೇಬೇಡಿ.

ಚಿರತೆಗಾಗಿ ಎಲ್ಲರೂ ಯಾಲಕ್ಕೆ ಓಡುತ್ತಾರೆ. ದ್ವೀಪದಲ್ಲಿ ಹುಲಿ ಇಲ್ಲ, ಚಿರತೆಯೇ ಯಜಮಾನ, ಹಗಲಿನಲ್ಲೂ ಬಂಡೆಯ ಮೇಲೆ ಮೈಚೆಲ್ಲಿ ಮಲಗುತ್ತದೆ. ತೊಂದರೆ ಜೀಪುಗಳದ್ದು. ಒಬ್ಬ ಚಾಲಕನಿಗೆ ಚಿರತೆ ಕಂಡರೆ ಫೋನಿನಲ್ಲಿ ಸುದ್ದಿ ಹಬ್ಬಿ, ಹತ್ತಾರು ಜೀಪು ಅಲ್ಲಿಗೇ ನುಗ್ಗುತ್ತವೆ. ಹತ್ತುವ ಮೊದಲೇ ಚಾಲಕನಿಗೆ ಹೇಳಿಬಿಡಿ: ಓಡಿಸುವುದು ಬೇಡ, ಚಿರತೆ ಕಾಣದಿದ್ದರೂ ನಮಗೆ ಬೇಸರವಿಲ್ಲ. ಹೀಗೆ ಹೇಳದಿದ್ದರೆ, ಚಿರತೆ ತೋರಿಸಿದರಷ್ಟೇ ಕೈಗೆ ಕಾಸು ಎಂದು ಅವರು ತಿಳಿಯುತ್ತಾರೆ. ಮನಸ್ಸಿಗೆ ನೆಮ್ಮದಿ ಬೇಕಿದ್ದರೆ ವಾಯವ್ಯದ ವಿಲ್ಪತ್ತು ಮೇಲು. ದೊಡ್ಡ ಕಾಡು, ನಡುವೆ ‘ವಿಲ್ಲು’ ಎಂಬ ಸಹಜ ಕೊಳಗಳು, ಜನ ಕಡಿಮೆ.

ಹಬರಣದ ಬಳಿಯ ಮಿನ್ನೇರಿಯದ ಆನೆ ಜಾತ್ರೆಯನ್ನು ಕೆರೆ ಬಲ್ಲ ನಮ್ಮವರು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಮಹಾಸೇನ ರಾಜ ಕಟ್ಟಿಸಿದ ಕೆರೆ, ಅಲ್ಲಿನ ಒಣ ತಿಂಗಳುಗಳಲ್ಲಿ ನೀರು ಇಳಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದಕ್ಕಾಗಿ ನೂರಾರು ಆನೆ ಬರುತ್ತವೆ. ಈಚಿನ ವರ್ಷಗಳಲ್ಲಿ ಬೇರೆ ಜಲಾಶಯದ ನೀರು ಹರಿಸಿ ಆ ಒಣ ತಿಂಗಳುಗಳಲ್ಲೂ ಕೆರೆ ತುಂಬಿಸುವುದುಂಟು. ಹುಲ್ಲು ಮುಳುಗಿದರೆ ಆನೆ ಇಲ್ಲ. ಅದಕ್ಕೇ ತಿಂಗಳ ಮೊದಲು ಮಿನ್ನೇರಿಯ ಸಫಾರಿಗೆಂದು ದುಡ್ಡು ಕಟ್ಟಬೇಡಿ. ಹಬರಣದಲ್ಲಿ ಉಳಿದು, ಆನೆಗಳು ಮಿನ್ನೇರಿಯ, ಕೌಡುಲ್ಲ, ಹುರುಲು ಈ ಮೂರರಲ್ಲಿ ಎಲ್ಲಿವೆ ಎಂದು ಆ ದಿನ ಬೆಳಿಗ್ಗೆ ವಿಚಾರಿಸಿ, ಮಧ್ಯಾಹ್ನಕ್ಕೆ ಜೀಪ್ ಹಿಡಿಯಿರಿ.

ಹಾರ್ಟನ್ ಪ್ಲೇನ್ಸ್‌ನಲ್ಲಿ ಇರುವುದು ಗಡಿಯಾರದ ಆಟ. 2,100 ಮೀಟರಿಗಿಂತ ಎತ್ತರದ ಶೋಲಾ ಹುಲ್ಲುಗಾವಲು, ಸುಮಾರು ಒಂಬತ್ತು ಕಿಲೋಮೀಟರಿನ ಸುತ್ತುದಾರಿ, ಮಧ್ಯೆ 870 ಮೀಟರಿನಷ್ಟು ನೇರ ಪ್ರಪಾತವಿರುವ ವರ್ಲ್ಡ್ಸ್ ಎಂಡ್. ಬಿಸಿಲೇರಿದಂತೆ ಕೆಳನಾಡಿನ ಬಿಸಿಗಾಳಿ ಬೆಟ್ಟದ ಗೋಡೆ ಹತ್ತಿ ತಣ್ಣಗಾಗಿ ಮಂಜಾಗುತ್ತದೆ. ಒಂಬತ್ತು, ಹತ್ತು ಗಂಟೆಗೆ ಕಣಿವೆ ಮಾಯ. ನುವರ ಎಲಿಯದಿಂದ 32 ಕಿಲೋಮೀಟರ್, ಐದಕ್ಕೆ ಮೊದಲೇ ಹೊರಡಿ, ಕವಲಿನಲ್ಲಿ ಪ್ರಪಾತದ ಕಡೆಗೇ ಮೊದಲು ನಡೆಯಿರಿ, ಬೇಕರ್ಸ್ ಜಲಪಾತ ಹಿಂತಿರುಗುವಾಗ ಸಿಗುತ್ತದೆ. ಬಾಗಿಲಲ್ಲಿ ಚೀಲ ತಪಾಸಣೆ ಇದೆ. ಬಿಸ್ಕತ್ತಿನ ಪ್ಲಾಸ್ಟಿಕ್ ತೆಗೆಸುತ್ತಾರೆ, ಬಾಟಲಿಯ ಲೇಬಲ್ ಕಿತ್ತಿಸುತ್ತಾರೆ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ದರೆ ಸರದಿಯಲ್ಲಿ ಹತ್ತು ನಿಮಿಷ ಉಳಿಯುತ್ತದೆ. ಆ ಹತ್ತು ನಿಮಿಷಕ್ಕೆ ಇಲ್ಲಿ ಬೆಲೆಯಿದೆ. ಮುಂಜಾನೆ ಸ್ವೆಟರ್ ಬೇಕೇ ಬೇಕು.

ಟಿಕೆಟ್ಟಿನ ಖರ್ಚು ಲೆಕ್ಕ ಹಾಕುವಾಗ ತಲೆಗಿಷ್ಟು ಎಂಬುದನ್ನಷ್ಟೇ ನೋಡಬೇಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಅದರ ಮೇಲೆ ತಂಡಕ್ಕೆ ಸೇವಾ ಶುಲ್ಕ, ವಾಹನ ಶುಲ್ಕ, ತೆರಿಗೆ ಸೇರುತ್ತದೆ, ಜೀಪ್ ಬಾಡಿಗೆ ಬೇರೆ. ಇಬ್ಬರೇ ಹೋದರೆ ದುಬಾರಿ, ನಾಲ್ಕೈದು ಜನ ಸೇರಿದರೆ ಹಗುರ. ಹಲವು ಕಡೆ ಸಾರ್ಕ್ ದೇಶದವರಿಗೆ ಬೇರೆ ದರವಿದೆ, ಪಾಸ್‌ಪೋರ್ಟ್ ತೋರಿಸಿ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ. ಕಾಡಿನಂಚಿನ ಹಳ್ಳಿಗಳಲ್ಲಿ ಶ್ರೀಲಂಕಾ ರೂಪಾಯಿಯ ನಗದೇ ಗತಿ.

ಸಸ್ಯಾಹಾರಿಗಳಿಗೊಂದು ಮಾತು. ಅನ್ನ, ಬೇಳೆ, ಹಲಸಿನಕಾಯಿ ಪಲ್ಯ, ತೆಂಗಿನಕಾಯಿಯ ‘ಪೊಲ್ ಸಂಬೋಲ’ ಎಲ್ಲವೂ ನಮ್ಮ ನಾಲಿಗೆಗೆ ಒಗ್ಗುತ್ತವೆ. ಆದರೆ ಸಂಬೋಲದಲ್ಲಿ, ಕೆಲವೊಮ್ಮೆ ಪಲ್ಯದಲ್ಲೂ, ಒಣಮೀನಿನ ಪುಡಿ ಬೆರೆಸುತ್ತಾರೆ. ತರಕಾರಿ ಊಟ ಎಂದು ಹೇಳಿದರೂ ಅದು ಬರುತ್ತದೆ, ಅವರ ಲೆಕ್ಕದಲ್ಲಿ ಅದು ಒಗ್ಗರಣೆಯಿದ್ದಂತೆ. ಆ ಮೀನಿಗೆ ಸಿಂಹಳದಲ್ಲಿ ‘ಉಂಬಳಕಡ’ ಎನ್ನುತ್ತಾರೆ. ‘ಉಂಬಳಕಡ ಎಪಾ’, ಅಂದರೆ ಉಂಬಳಕಡ ಬೇಡ, ಎಂದರೆ ಅರ್ಥವಾಗುತ್ತದೆ. ಮಲೆನಾಡಿನವರಿಗೆ ಈ ಹೆಸರು ಮರೆಯುವ ಭಯವಿಲ್ಲ.