ಇನ್ನೂ ಕ್ಯಾಶಿಯರ್ರೇನಾ?

ಹೌದು, ಇನ್ನೂ ಕ್ಯಾಶಿಯರ್ರೇ. ಪ್ರಮೋಷನ್ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು. 26 ವರ್ಷದಿಂದ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಮದುವೆಯಲ್ಲಿ ಕೇಳಿದ್ದಾರೆ, ತಿಥಿಯಲ್ಲಿ ಕೇಳಿದ್ದಾರೆ. ಒಂದು ಸಲ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ ಕೇಳಿದರು. ಜೀವನದಲ್ಲಿ ಅದೊಂದು ಸಲ ಉತ್ತರ ಹೇಳದೆ ತಪ್ಪಿಸಿಕೊಂಡೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ತಿಪಟೂರಿನಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಹೆಡ್ ಕ್ಯಾಶಿಯರ್. ಅಂದರೆ ಕ್ಯಾಶು ನೋಡಿಕೊಳ್ಳುವ ಕ್ಲರ್ಕ್, ಆಫೀಸರ್ ಅಲ್ಲ. 1999ರಲ್ಲಿ ಬಿ.ಎಸ್.ಆರ್.ಬಿ. (ಆಗ ಬ್ಯಾಂಕುಗಳಿಗೆ ಜನರನ್ನು ಆರಿಸುತ್ತಿದ್ದ ಮಂಡಳಿ) ಪರೀಕ್ಷೆ ಬರೆದು ಕ್ಲರ್ಕ್ ಆಗಿ ಸೇರಿದೆ. ಆಮೇಲೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿ ಮತ್ತೆ ಇಲ್ಲಿಗೇ ಬಂದೆ. 2024ರ ಮಾರ್ಚಿನ ವೇತನ ಒಪ್ಪಂದದಲ್ಲಿ ಕ್ಲರ್ಕ್ ಅನ್ನುವ ಹೆಸರು ತೆಗೆದು ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಅಂತ ಇಟ್ಟರು. ಮನೆಗೆ ಬಂದು ಹೇಳಿದೆ. ‘ಹೆಸರಿಗೆಷ್ಟು ಜಾಸ್ತಿ ಕೊಡ್ತಾರಂತೆ?’ ಅಂದಳು ಹೆಂಡತಿ. ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಬಟ್ಟಲು ಕೂಡ ಬದಲಾಗಲಿಲ್ಲ.

ಕ್ಲರ್ಕ್ ಆದವನು ಪರೀಕ್ಷೆ ಬರೆದು ಆಫೀಸರ್ ಆಗಬಹುದು. ಮೊದಲು ಸ್ಕೇಲ್ ಒನ್. ಅಲ್ಲಿಂದ ಮೇಲೆ ಹತ್ತುತ್ತಾ ಹೋದರೆ ಸ್ಕೇಲ್ ಸೆವೆನ್, ಅಂದರೆ ಜನರಲ್ ಮ್ಯಾನೇಜರ್. ಒಂದೇ ಷರತ್ತು. ಆಫೀಸರನ್ನು ದೇಶದ ಯಾವ ಮೂಲೆಗೆ ಬೇಕಾದರೂ ಎತ್ತಿ ಹಾಕಬಹುದು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ. ಅದರಲ್ಲಿರುವ ‘ಇನ್ನೂ’ ಅನ್ನುವ ಪದಕ್ಕೆ. ‘ಈಗಲೂ ಕ್ಯಾಶಿಯರ್ ಆಗಿದ್ದೀರಾ?’ ಅಂತ ಯಾರೂ ಕೇಳುವುದಿಲ್ಲ. ಇನ್ನೂ. ಮಳೆ ಇನ್ನೂ ಬಂದಿಲ್ಲ. ಅನ್ನ ಇನ್ನೂ ಬೆಂದಿಲ್ಲ. ಮಗು ಇನ್ನೂ ಮಾತಾಡ್ತಿಲ್ಲ, ಯಾರಿಗಾದ್ರೂ ತೋರಿಸಿ. ಆಗಬೇಕಾದದ್ದು ಆಗದೆ ಉಳಿದಾಗ ನಾವು ಈ ಪದ ಬಳಸುತ್ತೇವೆ. ಐವತ್ತರ ಹತ್ತಿರ ಬಂದಿರುವ ನನ್ನನ್ನು ಜನ ಅರೆಬೆಂದ ಅನ್ನದ ಹಾಗೆ ಸೌಟಿನಲ್ಲಿ ಎತ್ತಿ, ಅಗುಳು ಹಿಸುಕಿ ನೋಡುತ್ತಾರೆ. ಶಾಲೆ ಮೇಷ್ಟರನ್ನು ಯಾರಾದರೂ ‘ಇನ್ನೂ ಮೇಷ್ಟ್ರೇನಾ’ ಅನ್ನುತ್ತಾರಾ? ಟೈಲರನ್ನು? ಬ್ಯಾಂಕಿನಲ್ಲಿ ಮಾತ್ರ ಕೂತಲ್ಲೇ ಕೂತವನು ತಪ್ಪಿತಸ್ಥ.

2019ರಲ್ಲಿ ತುರುವೇಕೆರೆ ಹತ್ತಿರ ಒಂದು ಬೀಗರೂಟ. ಹೆಂಡತಿ ಕಡೆಯದು. ನನ್ನ ಷಡ್ಡಕರೂ ಬಂದಿದ್ದರು. ಅವರೂ ಬ್ಯಾಂಕಿನವರೇ, ಬೇರೆ ಬ್ಯಾಂಕು. ನನ್ನ ಹಾಗೇ ಕ್ಲರ್ಕ್ ಆಗಿ ಸೇರಿ, ಆ ಹೊತ್ತಿಗೆ ಚೀಫ್ ಮ್ಯಾನೇಜರ್ ಆಗಿ ಪಾಟ್ನಾದಲ್ಲಿದ್ದರು. ಬೀಗರೂಟಕ್ಕೆ ಅಂತ ವಿಮಾನದಲ್ಲಿ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಎಡಕ್ಕೆ ಅವರು, ಬಲಕ್ಕೆ ನನ್ನ ಚಿಕ್ಕಮಾವ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು, ಬೋಟಿ ಗೊಜ್ಜು ಬಿತ್ತು. ಮೊದಲ ತುತ್ತು ಮುರಿಯುವಷ್ಟರಲ್ಲಿ ಚಿಕ್ಕಮಾವ ಶುರು ಮಾಡಿದರು.

‘ಏನ್ ಅಳಿಯಂದ್ರೇ, ಇನ್ನೂ ಕ್ಯಾಶಿಯರ್ರೇನಾ?’

ಅಳಿಯಂದ್ರೇ ಅನ್ನುವುದರಲ್ಲಿ ಎಷ್ಟು ಗೌರವ ಇತ್ತೋ ಅಷ್ಟನ್ನೂ ಮುಂದಿನ ಎರಡು ಪದದಲ್ಲಿ ವಾಪಸ್ ತೆಗೆದುಕೊಂಡರು. ನಾನು ‘ಹೂಂ ಮಾವ’ ಅಂದೆ. ‘ನಿಮ್ಮಣ್ಣನ್ನ ನೋಡಿ ಸ್ವಲ್ಪ ಕಲೀರಿ’ ಅಂದರು. ಅಷ್ಟರಲ್ಲಿ ಷಡ್ಡಕರ ಫೋನು ಬಡಿದುಕೊಂಡಿತು. ಭಾನುವಾರ. ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ಫೋನು. ‘ಯೆಸ್ ಸರ್, ಜೀ ಸರ್, ಶಾಮ್ ತಕ್ ಸರ್.’ ಯಾವ ಬ್ರಾಂಚು ಎಷ್ಟು ಜನರಿಗೆ ಜೀವನಜ್ಯೋತಿ ವಿಮೆ ಮಾಡಿಸಿದೆ ಅಂತ ಮೇಲಿನವರಿಗೆ ಆಗಲೇ ಲೆಕ್ಕ ಬೇಕಿತ್ತು. (ವರ್ಷಕ್ಕೆ 330 ರೂಪಾಯಿಯ ವಿಮೆ. ಈಗ 436 ಆಗಿದೆ.) ಊಟ ಮುಗಿಯುವುದರೊಳಗೆ ಹೀಗೆ ಮೂರು ಫೋನು. ಮೂರನೆಯದಕ್ಕೆ ಅವರು ಎಲೆ ಬಿಟ್ಟು ಎದ್ದು ಹುಣಸೆಮರದ ಹತ್ತಿರ ಹೋಗಿ ನಿಂತರು. ಎಲೆಯ ಮೇಲಿನ ಸಾರು ಬಿಳಿ ಕಟ್ಟಿತು.

ಚಿಕ್ಕಮಾವ ಅವರನ್ನೇ ನೋಡುತ್ತಾ ನನ್ನ ಕಡೆ ಬಾಗಿ ಹೇಳಿದರು: ‘ನೋಡಿ, ನೆಮ್ಮದಿಯಾಗಿ ಊಟ ಮಾಡೋಕೂ ಬಿಡಲ್ಲ. ಅಂಥಾ ಪೋಸ್ಟು!’

ಈ ಮಾತನ್ನು ಅವರು ಹೊಗಳಿಕೆಯಾಗಿ ಹೇಳಿದ್ದು. ನನಗೆ ಅವತ್ತು ಒಂದು ಫೋನೂ ಬರಲಿಲ್ಲ. ನಾನು ಎರಡು ಮುದ್ದೆ ತಿಂದು, ಎರಡು ಸಲ ಸಾರು ಬಿಡಿಸಿಕೊಂಡು, ಮೂಳೆ ಚೀಪಿ ಎದ್ದೆ. ಅದೇ ನನ್ನ ಸೋಲು. ಕೈ ತೊಳೆಯುವಾಗಲೂ ಇದೇ ಯೋಚನೆ. ಒಬ್ಬ ಮನುಷ್ಯ ಗೆದ್ದಿದ್ದಾನೆ ಅನ್ನುವುದಕ್ಕೆ ನಮ್ಮ ಜನಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಅವನಿಗೆ ಪುರುಸೊತ್ತಿಲ್ಲದಿರುವುದು.

ಆದರೆ ಷಡ್ಡಕರ ಬಗ್ಗೆ ಅಯ್ಯೋ ಪಾಪ ಅನ್ನಬೇಡಿ. ನಾನೂ ಅನ್ನುವುದಿಲ್ಲ. ಅವರಿಗೆ ಆ ಕೆಲಸ ಇಷ್ಟ. ಫೋನು ಮುಗಿಸಿ ಬಂದು, ‘ನಮ್ಮದೇ ಜಾಸ್ತಿ ಆಗಿದೆಯಂತೆ ಕಣ್ರೀ’ ಅಂತ ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಬಿಸಿ ಸಾರನ್ನೂ ಬಿಡಿಸಿಕೊಂಡರು. ಅವರನ್ನು ನನ್ನ ಕೌಂಟರಿನಲ್ಲಿ ಕೂರಿಸಿದರೆ ಮಧ್ಯಾಹ್ನದೊಳಗೆ ಓಡಿಹೋಗುತ್ತಾರೆ.

ನಮ್ಮ ಬ್ಯಾಂಕಿನವರೂ ನನ್ನನ್ನು ಸರಿಮಾಡಲು ನೋಡಿದರು. ಒಮ್ಮೆ ಎರಡು ದಿನದ ತರಬೇತಿಗೆ ಕಳಿಸಿದರು. ಮೋಟಿವೇಷನ್ ಬಗ್ಗೆ ಮಾತಾಡುವವರು ಬಂದರು, ಗೋಡೆಯ ಮೇಲೆ ಮಾಸ್ಲೋ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞನ ತ್ರಿಕೋನ ತೋರಿಸಿದರು. ಕೆಳಗೆ ಊಟ ನಿದ್ದೆ, ಮೇಲೆ ಭದ್ರತೆ, ಅದರ ಮೇಲೆ ಪ್ರೀತಿ, ಆಮೇಲೆ ಗೌರವ, ತುದಿಯಲ್ಲಿ ತನ್ನ ಪೂರ್ತಿ ಶಕ್ತಿಯನ್ನು ತಾನು ಕಂಡುಕೊಳ್ಳುವುದು. ಹತ್ತುತ್ತಾ ಹೋಗಬೇಕಂತೆ. ‘ಐದು ವರ್ಷದ ನಂತರ ನೀವೆಲ್ಲಿರುತ್ತೀರಿ?’ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ‘ಎರಡನೇ ಕೌಂಟರಿನಲ್ಲಿ ಸಾರ್’ ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಬಹಳ ದಿನದ ಮೇಲೆ ಓದಿ ತಿಳಿದುಕೊಂಡೆ: 1943ರಲ್ಲಿ ಮಾಸ್ಲೋ ಬರೆದ ಲೇಖನದಲ್ಲಿ ಐದು ಬಗೆಯ ಅಗತ್ಯಗಳಿವೆ, ಆದರೆ ತ್ರಿಕೋನ ಇಲ್ಲ. ಅದನ್ನು ಆಮೇಲೆ ಸೇರಿಸಿದವರು ಮ್ಯಾನೇಜ್‌ಮೆಂಟ್ ಕಲಿಸುವ ಜನ. ಎಲ್ಲಿ ನೋಡಿದರೂ ಅವರಿಗೊಂದು ಏಣಿ ಕಾಣಬೇಕು.

ಇನ್ನು ನನ್ನ ಸುಳ್ಳುಗಳ ಲೆಕ್ಕ ಒಪ್ಪಿಸಿಬಿಡುತ್ತೇನೆ. 2011ರಲ್ಲಿ ನಾನು ಪ್ರಮೋಷನ್ ಪರೀಕ್ಷೆ ಬರೆದಿದ್ದೆ. ಪಾಸೂ ಆಗಿದ್ದೆ. ಗೋರಖ್‌ಪುರಕ್ಕೆ ಹಾಕಿದರು. ಮೂರು ದಿನ ಯೋಚನೆ ಮಾಡಿ ‘ಬೇಡ’ ಅಂತ ಬರೆದುಕೊಟ್ಟೆ. ಆಗ ಕೇಳಿದವರಿಗೆಲ್ಲ ‘ಅಮ್ಮನಿಗೆ ಹುಷಾರಿಲ್ಲ’ ಅಂದೆ. ಅದು ನಿಜವೇ ಆಗಿತ್ತು. ಆಮೇಲೆ ‘ಮಗಳ ಎಸ್ಸೆಸ್ಸೆಲ್ಸಿ’ ಅಂದೆ. ಆಮೇಲೆ ‘ತೋಟದ ಬೋರು ಬತ್ತಿದೆ, ತೆಂಗು ಒಣಗ್ತಿದೆ’. ಎಲ್ಲವೂ ನಿಜ, ಯಾವುದೂ ಕಾರಣ ಅಲ್ಲ. ಅಮ್ಮ ತೀರಿಕೊಂಡರು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಳು. ಹೊಸ ಬೋರಿನಲ್ಲಿ ಎರಡಿಂಚು ನೀರು ಬಂತು. ಕಾರಣಗಳೆಲ್ಲ ಖಾಲಿಯಾದವು, ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದಕ್ಕೇ ಇದನ್ನು ಬರೆಯಲು ಕೂತದ್ದು.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಬೇರೆ ಪ್ರಶ್ನೆ ಕೇಳಬಹುದಿತ್ತು. ದಿನಾ ಅಷ್ಟೊಂದು ದುಡ್ಡು ಎಣಿಸ್ತೀರಲ್ಲ, ಯಾವತ್ತಾದ್ರೂ ತಪ್ಪಿದೆಯಾ? ಇದನ್ನು ಕೇಳಿದ್ದರೆ ನಾನು ಅವರನ್ನು ಕೂರಿಸಿ, ಕಾಫಿ ತರಿಸಿ ಹೇಳುತ್ತಿದ್ದೆ.

ತಪ್ಪಿದೆ. 2016ರ ನವೆಂಬರಿನಲ್ಲಿ. 8ನೇ ತಾರೀಖು ರಾತ್ರಿ 500, 1000ದ ನೋಟು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಅದೇ. 10ನೇ ತಾರೀಖು ಬಾಗಿಲು ತೆಗೆದಾಗ ಕ್ಯೂ ರಸ್ತೆ ದಾಟಿತ್ತು. ಒಬ್ಬರಿಗೆ 4000 ಬದಲಾಯಿಸಿ ಕೊಡಿ ಅಂದರು. ಆಮೇಲೆ 4500 ಅಂದರು, ಆಮೇಲೆ 2000 ಅಂದರು. ವಾರದೊಳಗೆ ಬೆರಳಿಗೆ ಶಾಯಿ ಹಾಕಿ ಅಂದರು. ಚುನಾವಣೆಗೆ ಮೈಸೂರಿನಲ್ಲಿ ಮಾಡುತ್ತಾರಲ್ಲ, ಅದೇ ಶಾಯಿ. ಕೊಬ್ಬರಿ ಮಾರಿ ದುಡ್ಡು ಮನೆಯಲ್ಲಿಟ್ಟುಕೊಂಡವರು ಬಂದರು. ಗಂಡನಿಗೆ ಗೊತ್ತಾಗದ ಹಾಗೆ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದನ್ನು ಗಂಡನ ಕೈಲೇ ಕೊಟ್ಟು ಕಳಿಸಬೇಕಾಗಿ ಬಂದ ಹೆಂಗಸರ ಕಥೆಯನ್ನು ಆ ಗಂಡಂದಿರೇ ಹೇಳಿದರು. ಆ ದಿನಗಳಲ್ಲೇ ಒಂದು ಸಂಜೆ ನನ್ನ ಕ್ಯಾಶು 6000 ಕಮ್ಮಿ ಬಂತು. ಹೊಸ 2000ದ ನೋಟು ಒಂದಕ್ಕೊಂದು ಅಂಟಿಕೊಂಡು ಹೋಗಿರಬೇಕು, ಮೂರು. ರಾತ್ರಿ ಹತ್ತೂವರೆ ತನಕ ಹುಡುಕಿದೆವು. ಸಿಗಲಿಲ್ಲ. ಕೈಯಿಂದ ಕಟ್ಟಿದೆ. ಕ್ಯಾಶಿಯರ್ ಅಂದಮೇಲೆ ಅದೆಲ್ಲ ಇದ್ದದ್ದೇ. ಮೂರು ದಿನ ಬೇಜಾರಿತ್ತು, ಆಮೇಲೆ ಮರೆತೆ.

ಮರೆಯದೇ ಇರುವುದು ಜಾಸ್ತಿ ಬಂದದ್ದು. ಕಮ್ಮಿ ಬಂದರೆ ನನ್ನದು ಹೋಯಿತು, ಅಷ್ಟೇ. ಜಾಸ್ತಿ ಬಂದರೆ ಯಾರದ್ದೋ ನನ್ನ ಹತ್ತಿರ ಉಳಿದಿದೆ. ಎಂಟು ವರ್ಷದ ಹಿಂದೆ ಒಂದು ಸಂಜೆ 2500 ಜಾಸ್ತಿ. ವೋಚರುಗಳನ್ನೆಲ್ಲ ಮತ್ತೆ ನೋಡಿದೆ. ನೂರು ನೋಟಿನ ಪ್ಯಾಕೆಟ್ಟುಗಳನ್ನು ಬಿಚ್ಚಿ ಎಣಿಸಿದೆ. ಹತ್ತು ಪ್ಯಾಕೆಟ್ಟಿನ ಬಂಡಲ್ಲುಗಳನ್ನೂ ಬಿಡಲಿಲ್ಲ. ನಿಯಮದ ಪ್ರಕಾರ ಆ ದುಡ್ಡನ್ನು ಬ್ಯಾಂಕಿನ ಬೇರೆ ಖಾತೆಗೆ ಹಾಕಿದೆವು. ನನಗೆ ಒಬ್ಬರ ಮೇಲೆ ಅನುಮಾನ ಇತ್ತು. ಟವೆಲ್ಲಿನಲ್ಲಿ ಕಟ್ಟಿಕೊಂಡು ಕೊಬ್ಬರಿ ದುಡ್ಡು ತಂದಿದ್ದ ಮುದುಕಪ್ಪ. ಮುಂದಿನ ವಾರ ಬಂದಾಗ ಕೇಳಿದೆ. ‘ನಂದಲ್ಲ ಸ್ವಾಮಿ. ನಮ್ ಹುಡುಗ ಎಣ್ಸಿದ್ದು. ಅವ್ನು ಎಣ್ಸಿದ್ರೆ ತಪ್ಪಲ್ಲ’ ಅಂದ. ಇನ್ನೊಂದು ಸಲ ಲೆಕ್ಕ ಹಾಕಿ ನೋಡೋಣ ಅಂದರೆ ಮುಖ ಗಂಟು ಹಾಕಿಕೊಂಡ. ಮಗನ ಲೆಕ್ಕ ತಪ್ಪು ಅಂತ ಬರೆದುಕೊಡುವುದಕ್ಕಿಂತ 2500 ಹೋಗಲಿ ಅನ್ನಿಸಿತೋ, ಅಥವಾ ನಿಜವಾಗಿಯೂ ಅವನದ್ದಲ್ಲವೋ. ದುಡ್ಡಂತೂ ಹಾಗೇ ಬಿದ್ದಿದೆ.

ಇಷ್ಟು ಹೇಳಿದ ಮೇಲೆ ನಿಜವಾದ ಕಾರಣವನ್ನೂ ಹೇಳಿಬಿಡುತ್ತೇನೆ. ನನಗೆ ಸಂಜೆಯ ಆ ಒಂದು ಗಳಿಗೆ ಬೇಕು. ನೋಟಿನ ಲೆಕ್ಕವೂ ಕಂಪ್ಯೂಟರಿನ ಲೆಕ್ಕವೂ ಒಂದೇ ಆಗುತ್ತವೆ. ವ್ಯತ್ಯಾಸ ಸೊನ್ನೆ. ಸ್ಟ್ರಾಂಗ್ ರೂಮಿಗೆ ಎರಡು ಕೀ, ಒಂದು ನನ್ನದು, ಒಂದು ಆಫೀಸರದ್ದು. ಇಬ್ಬರೂ ತಿರುಗಿಸುತ್ತೇವೆ. ಟಕ್ ಅಂತ ಸದ್ದಾಗುತ್ತದೆ. ಇವತ್ತಿನದು ಇವತ್ತಿಗೆ ಮುಗಿಯಿತು. ಆಫೀಸರಿಗೆ ಈ ಭಾಗ್ಯ ಇಲ್ಲ. ಅವರ ಸಾಲ ವಸೂಲಿ ಮುಗಿಯುವುದಿಲ್ಲ, ಟಾರ್ಗೆಟ್ಟು ಮುಗಿಯುವುದಿಲ್ಲ. ಮಾರ್ಚ್ 31ಕ್ಕೆ ಮುಗಿದರೂ ಏಪ್ರಿಲ್ 1ಕ್ಕೆ ಮತ್ತೆ ಹುಟ್ಟುತ್ತದೆ. ಮುಗಿಯದ ಕೆಲಸವನ್ನು ಹೊತ್ತು ಮಲಗುವುದು ನನ್ನ ಕೈಲಿ ಆಗುವುದಿಲ್ಲ. ಇದನ್ನು ಹೆದರಿಕೆ ಅನ್ನಿ, ಸೋಮಾರಿತನ ಅನ್ನಿ. ನಾನೂ ಕೆಲವು ರಾತ್ರಿ ಹಾಗೇ ಅಂದುಕೊಂಡಿದ್ದೇನೆ.

ಬೆಳೆಯಬೇಕು ಬೆಳೆಯಬೇಕು ಅನ್ನುತ್ತಾರೆ. 2017ರಿಂದ 2020ರ ಒಳಗೆ ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ಬೋರ್ಡಿನಿಂದ ಇಳಿದು ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವು. ಅವೂ ಬೆಳೆಯುತ್ತಲೇ ಇದ್ದವಲ್ಲ? ಇದು ಸ್ವಲ್ಪ ಮೊಂಡುವಾದ ಅಂತ ಗೊತ್ತು. ಆದರೂ ಬರೆದೆ.

ನಾನೇನು ಸನ್ಯಾಸಿ ಅಲ್ಲ. 2011ರಲ್ಲಿ ಹೂಂ ಅಂದಿದ್ದರೆ ಇಲ್ಲಿಯವರೆಗೆ ಎಷ್ಟು ಜಾಸ್ತಿ ಸಂಬಳ ಬರುತ್ತಿತ್ತು ಅಂತ ಒಂದು ರಾತ್ರಿ ಹಳೇ ಚಲನ್ನಿನ ಹಿಂದೆ ಲೆಕ್ಕ ಹಾಕಿದೆ. ದುಡ್ಡು ಎಣಿಸುವವನಿಗೆ ಈ ರೋಗ ಇರುತ್ತದೆ. ಮೊತ್ತ ಬಂದ ಮೇಲೆ ಇನ್ನೊಂದು ಸಲ ಕೂಡಿದೆ, ತಪ್ಪಿರಲಿ ಅಂತ. ತಪ್ಪಿರಲಿಲ್ಲ. ಚಲನ್ ಹರಿದು ಹಾಕಿದೆ. ಹೆಂಡತಿ ಚೂರುಗಳನ್ನು ಗುಡಿಸುತ್ತಾ ಕೇಳಿದಳು: ‘ಬ್ಯಾಂಕಲ್ಲಿ ನಿಮ್ಮ ವ್ಯತ್ಯಾಸ ಸೊನ್ನೆ ಬಂದ್ರೆ ಸಾಕು. ಮನೇದು ಯಾರು ನೋಡೋದು?’

ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಆದರೆ ಅವಳ ಪ್ರಶ್ನೆಯಲ್ಲಿ ‘ಇನ್ನೂ’ ಇರಲಿಲ್ಲ ಅನ್ನುವುದನ್ನು ಗಮನಿಸಿ. ಅವಳಿಗೆ ಕೇಳುವ ಹಕ್ಕೂ ಇದೆ. ಉಳಿದವರಿಗೆ ಇಷ್ಟೇ.

ಬರುವ ಭಾನುವಾರ ಅರಸೀಕೆರೆಯಲ್ಲಿ ಇನ್ನೊಂದು ಬೀಗರೂಟ. ಚಿಕ್ಕಮಾವನೂ ಬರುತ್ತಾರೆ. ಕೇಳಿದರೆ ಇದನ್ನೇ ಅವರ ಫೋನಿಗೆ ಕಳಿಸುತ್ತೇನೆ. ಊಟ ಆದ ಮೇಲೆ ಓದಿ ಮಾವ, ಸಾರು ಆರಿಹೋಗುತ್ತೆ.