ಜಾತ್ರೆಯ ನೆಗಡಿಗೆ ಆಂಟಿಬಯಾಟಿಕ್ ಯಾಕ್ರಿ?

ವಿಜಯಪುರ
21 ಜನವರಿ 2025, ಮಂಗಳವಾರ

ಸಿದ್ಧೇಶ್ವರ ಜಾತ್ರೆ ಮುಗಿಯಿತು ಅಂದರೆ ನಮ್ಮ ಔಷಧ ಅಂಗಡಿಗೆ ಕೆಮ್ಮು-ನೆಗಡಿಯವರು ಬರೋಕೆ ಶುರು. ಧೂಳು, ಥಂಡಿ, ಗದ್ದಲ ಎಲ್ಲಾ ಸೇರಿರುತ್ತದೆ. ಇವತ್ತೂ ಬಹಳ ಮಂದಿ ಚೀಟಿ ಇಲ್ಲದೇ ಬಂದರು.

ಒಬ್ಬರು ಹಳೇ ಸ್ಟ್ರಿಪ್ ತೋರಿಸಿ, "ಅಣ್ಣಾರ, ಇದರಾಗಿಂದ ಮೂರು ಗುಳಿಗಿ ಕೊಡ್ರಿ, ಹುಡುಗಗ ಮೂಗು ಸೋರಾಕತ್ತೈತಿ" ಅಂದರು. ಸ್ಟ್ರಿಪ್ ಹಿಂದೆ ಉದ್ದಕ್ಕೂ ಕೆಂಪು ಗೆರೆ. ಆಂಟಿಬಯಾಟಿಕ್ ಅದು, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಚೀಟಿ ಇಲ್ಲದೆ ಕೊಡಬಾರದು ಅನ್ನೋದಕ್ಕೇ ಆ ಗೆರೆ ಇರೋದು.

"ಬ್ಯಾಡ್ರಿ ಕಾಕಾ. ನೆಗಡಿ ವೈರಸ್‌ದಿಂದ ಬರ್ತೈತಿ, ಇದಕ್ಕ ಬಗ್ಗೂದಿಲ್ಲ. ಹುಡುಗನ ಹೊಟ್ಟಿ ಕೆಡ್ತೈತಿ, ಅಷ್ಟ."

"ಮೂಗಿನ ಗುಳಿಗಿಗೂ ಹೊಟ್ಟಿಗೂ ಏನ್ರಿ ಸಂಬಂಧ?"

ಒಳ್ಳೆಯ ಪ್ರಶ್ನೆ. ಗಿರಾಕಿಗಳ ನಡುವೆ ಪೂರ್ತಿ ಹೇಳೋಕೆ ಆಗಲಿಲ್ಲ. ಅದಕ್ಕೇ ರಾತ್ರಿ ಕೂತು ಬರೆಯುತ್ತಿದ್ದೇನೆ.

2016ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳ ಬಹುಪಾಲು ಇರೋದು ದೊಡ್ಡ ಕರುಳಿನಲ್ಲಿ. ನಾವು ತಿಂದ ನಾರು ನಮಗೆ ಜೀರ್ಣವಾಗುವುದಿಲ್ಲ. ಅದು ಹಾಗೇ ಕೆಳಗಿಳಿದು ಇವುಗಳ ಪಾಲಾಗುತ್ತದೆ. ಇವು ಅದನ್ನು ಹುಳಿ ಬರಿಸುವಾಗ ಬ್ಯುಟಿರೇಟ್ ಎಂಬ ವಸ್ತು ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು ಸಿಗದೇ ಹೋದರೆ ಏನಾಗುತ್ತದೆ ಅಂತ ಇಲಿಗಳಲ್ಲಿ ನೋಡಿದ್ದಾರೆ. ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ರಕ್ಷಣೆಯಾಗಿದ್ದ ಲೋಳೆಯನ್ನೇ ತಿನ್ನೋಕೆ ಶುರು ಮಾಡಿದವು. ಲೋಳೆ ತೆಳ್ಳಗಾಯಿತು, ರೋಗಾಣುಗಳಿಗೆ ದಾರಿ ಸಲೀಸಾಯಿತು.

ತಾಯಿಯ ಹಾಲಿನ ವಿಷಯ ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ. ಆ ಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಕೆಲವು ಸಕ್ಕರೆಗಳಿವೆ. ಅವು ಕೂಸಿನ ಕರುಳಿನಲ್ಲಿರುವ ಬೈಫಿಡೊಬ್ಯಾಕ್ಟೀರಿಯಾಗಳಿಗೆ ಊಟ. ತಾಯಿ ಕೂಸಿಗಷ್ಟೇ ಅಲ್ಲ, ಅದರ ಬ್ಯಾಕ್ಟೀರಿಯಾಕ್ಕೂ ಉಣಿಸುತ್ತಾಳೆ! ಹುಟ್ಟಿದ ಕೂಡಲೇ ಕೂಸಿನ ತೊಡೆಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಹಿಂದೆಯೂ ಇದೇ ಕಥೆ ಇದೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಆ ವಿಟಮಿನ್ ಸಿಗೋದು ಕಡಿಮೆ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಕರುಳಿನಲ್ಲಿ ಇನ್ನೂ ನೆಲೆಸಿರುವುದಿಲ್ಲ.

ಇನ್ನೊಂದು ಕೆಲಸ, ಜಾಗ ಹಿಡಿದು ಕೂರುವುದು. ಜಾತ್ರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಒಳ್ಳೆಯವು ತುಂಬಿದ್ದರೆ ಕೆಟ್ಟವಕ್ಕೆ ಜಾಗವೂ ಇಲ್ಲ, ಊಟವೂ ಇಲ್ಲ. ಆಂಟಿಬಯಾಟಿಕ್ ಬಂದರೆ ರೋಗದ ಬ್ಯಾಕ್ಟೀರಿಯಾ ಜೊತೆ ಇವೂ ಸಾಯುತ್ತವೆ.

ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಈಗ ಅದೇ ಕಾಟ. ಮೂತ್ರದ ಸೋಂಕಿಗೆ ಡಾಕ್ಟರು ಆಂಟಿಬಯಾಟಿಕ್ ಬರೆದಿದ್ದರು. ಅದು ಬೇಕೇ ಬೇಕಿತ್ತು, ತಪ್ಪೇನಿಲ್ಲ. ಕೋರ್ಸ್ ಮುಗಿಯೋ ಹೊತ್ತಿಗೆ ಭೇದಿ ಹಿಡಿಯಿತು. ಮೊಮ್ಮಗ ಭೇದಿ ನಿಲ್ಲಿಸೋ ಗುಳಿಗಿ ಕೇಳಿಕೊಂಡು ಬಂದ. ನಾನು ಕೊಡಲಿಲ್ಲ. "ತಮ್ಮಾ, ಮೊದಲ ಡಾಕ್ಟರ್ ಕಡೆ ಕರ್ಕೊಂಡು ಹೋಗು" ಅಂದೆ. ಆಂಟಿಬಯಾಟಿಕ್ ನಂತರದ ಭೇದಿಯಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಕೈವಾಡ ಇರುತ್ತದೆ. ಉಳಿದವು ಸತ್ತಾಗ ಅದು ಬೆಳೆದು ವಿಷ ಬಿಡುತ್ತದೆ. ಆಗ ಭೇದಿಯನ್ನು ಸುಮ್ನೆ ಕಟ್ಟಿಹಾಕಿದರೆ ಅಪಾಯ ಜಾಸ್ತಿ. ವಯಸ್ಸಾದವರಿಗಂತೂ ಇದು ಜೀವಕ್ಕೇ ಬರಬಹುದು. ಜ್ವರ, ಮಲದಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಂದು ಗಳಿಗೆಯೂ ತಡ ಮಾಡಬಾರದು.

ಈ ರೋಗ ಮತ್ತೆ ಮತ್ತೆ ಮರುಕಳಿಸಿದವರಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಆರೋಗ್ಯವಂತರ ಮಲದ ದ್ರಾವಣವನ್ನು ನಳಿಕೆಯಿಂದ ಕರುಳಿಗೆ ಬಿಟ್ಟು ನೋಡಿದರು. 2013ರಲ್ಲಿ ಅದರ ವರದಿ ಬಂತು. 16 ಜನರಲ್ಲಿ 13 ಮಂದಿಗೆ ಮೊದಲ ಸಲಕ್ಕೇ ವಾಸಿಯಾಯಿತು. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರ ತೆಗೆದುಕೊಂಡ 13 ಜನರಲ್ಲಿ ವಾಸಿಯಾದವರು 4 ಮಂದಿ. ಕೇಳೋಕೆ ಅಸಹ್ಯ ಅನಿಸಬಹುದು. ನನಗಂತೂ, ಕರುಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ ಎಲ್ಲದಕ್ಕೂ ಬ್ಯಾಕ್ಟೀರಿಯಾ ಕೊರತೆಯೇ ಕಾರಣ ಅಂತ ಮೊಬೈಲ್‌ನಲ್ಲಿ ವಿಡಿಯೋ ಬರುತ್ತವಲ್ಲ, ಅವನ್ನು ನಂಬಿ ಔಷಧ ಬಿಡಬೇಡಿ. ಅಂಥವರ ಕರುಳಿನ ಬ್ಯಾಕ್ಟೀರಿಯಾ ಬೇರೆ ಥರ ಇರುವುದು ಕಂಡಿದೆ. ಯಾವುದರಿಂದ ಯಾವುದು ಆಯಿತು ಎಂಬುದು ಇನ್ನೂ ಇತ್ಯರ್ಥ ಆಗಿಲ್ಲ.

ಹಾಗಾದರೆ ಪ್ರೊಬಯಾಟಿಕ್ ಪುಡಿ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ತಗೊಂಡರಾಯಿತಲ್ಲ? ನನ್ನ ಅಂಗಡಿಯಲ್ಲೂ ಮಾರುತ್ತೇನೆ. ಕೆಲವು ಬಗೆಯವು ಆಂಟಿಬಯಾಟಿಕ್‌ನಿಂದಾಗುವ ಭೇದಿಯನ್ನು ಕಡಿಮೆ ಮಾಡುತ್ತವೆ, ನಿಜ. ಆದರೆ 2018ರ ಇಸ್ರೇಲಿನ ಅಧ್ಯಯನವೊಂದರಲ್ಲಿ, ಆಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾಗಳು ವಾಪಸ್ ಬರೋದು ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಅದಕ್ಕೇ ಡಾಕ್ಟರು ಬರೆದರೆ ಮಾತ್ರ ತಗೊಳ್ಳಿ ಅನ್ನುತ್ತೇನೆ. ಆ ದುಡ್ಡಿಗೆ ಕಾಳು ತನ್ನಿ.

ನಮ್ಮ ಕಡೆಯ ಊಟ ಎಷ್ಟು ಚಂದ ಇದೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ ಸುಮಾರು 10 ಗ್ರಾಂ ನಾರು ಇದೆ, ಬಿಳಿ ಅಕ್ಕಿಗೆ ಸುಮಾರು 3 ಗ್ರಾಂ. ಇವತ್ತು ಮನೆಯಲ್ಲಿ ಬಿಸಿ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಅಗಸಿ ಹಿಂಡಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು, ಗಟ್ಟಿ ಮೊಸರು. ಮೊಸರಿನ ಬ್ಯಾಕ್ಟೀರಿಯಾ ಹೆಚ್ಚಾಗಿ ಕರುಳಲ್ಲಿ ನೆಲೆ ನಿಲ್ಲುವುದಿಲ್ಲ, ಬಂದು ಹೋಗುತ್ತವೆ. ನೆಲೆ ನಿಂತವುಗಳಿಗೆ ಊಟ ಕೊಡೋದು ರೊಟ್ಟಿ, ಕಾಳು, ಉಳ್ಳಾಗಡ್ಡಿ. ಇಷ್ಟೆಲ್ಲಾ ಇಟ್ಟುಕೊಂಡು ಮಕ್ಕಳಿಗೆ ಬೆಳಿಗ್ಗೆ ಬಿಸ್ಕೀಟು, ಸಂಜೆ ನೂಡಲ್ಸ್ ಕೊಡೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ರೂಢಿ ಇಲ್ಲದವರು ಮಾತ್ರ ಒಮ್ಮೆಲೇ ಜಾಸ್ತಿ ತಿನ್ನಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಕುಡಿಯಿರಿ.

ಅಜ್ಜಿಯ ಮಲ ಪರೀಕ್ಷೆಯ ರಿಪೋರ್ಟ್ ನಾಳೆ ಬರುತ್ತದೆ. ಅಲ್ಲಿವರೆಗೆ ಓಆರ್‌ಎಸ್ ನೀರು, ಮೆತ್ತನೆ ಅನ್ನ, ತಿಳಿ ಮಜ್ಜಿಗೆ. ರೊಟ್ಟಿ, ಕಾಳು ಹೊಟ್ಟೆ ಹತೋಟಿಗೆ ಬಂದ ಮೇಲೆ.