ಟರ್ಕಿಗೆ ಉಪ್ಪುನೀರು: ಕಪ್ಪಿನಲ್ಲಿ ಅಳೆಯಬೇಡಿ, ತೂಗಿ

ನವೆಂಬರ್ 25, 2025, ಮಂಗಳವಾರ ರಾತ್ರಿ

ನಾಡಿದ್ದು ಅಮೆರಿಕದವರು ಟರ್ಕಿ ಕೋಳಿ ಬೇಯಿಸಿ ಆಚರಿಸುವ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಬೇಯುವಾಗ ಮಾಂಸ ಒಣಗದಿರಲೆಂದು ಟರ್ಕಿಯನ್ನು ಉಪ್ಪುನೀರಿಗೆ ಇಳಿಸಬೇಕಾದದ್ದು ಇವತ್ತು ರಾತ್ರಿ, ನಾಳೆ ರಾತ್ರಿಯಲ್ಲ. ನಾಳೆ ಮಧ್ಯಾಹ್ನ ನೀರಿನಿಂದ ಎತ್ತಿದ ಮೇಲೆ ಅದು ಇಡೀ ರಾತ್ರಿ ಫ್ರಿಜ್ಜಿನಲ್ಲಿ ಏನೂ ಮುಚ್ಚದೆ ಕೂತು ಒಣಗಬೇಕು. ಬುಧವಾರ ರಾತ್ರಿ ನೆನೆಹಾಕಿ ಗುರುವಾರ ಬೆಳಿಗ್ಗೆ ಒದ್ದೆಮೈಯಲ್ಲೇ ಅವನ್‌ಗೆ ತಳ್ಳಿದರೆ ಮಾಂಸವೇನೋ ಚೆನ್ನಾಗಿರುತ್ತದೆ, ಚರ್ಮ ಮಾತ್ರ ರಬ್ಬರ್.

ಹಕ್ಕಿಯ ತೂಕ 13 ಪೌಂಡ್, ಹತ್ತಿರಹತ್ತಿರ 5.9 ಕಿಲೋ. ಫ್ರೀಜರಿನಿಂದ ಫ್ರಿಜ್ಜಿಗೆ ಇಳಿದದ್ದು ಶನಿವಾರ ಬೆಳಿಗ್ಗೆ. ನಾಲ್ಕೈದು ಪೌಂಡಿಗೆ ಒಂದು ದಿನ ಅನ್ನುವುದು ಲೆಕ್ಕ. ಹೊರಗಿನಿಂದ ಒತ್ತಿದರೆ ಎಲ್ಲ ಕಡೆ ಮೆತ್ತಗಿದೆ, ಆದರೆ ಅದನ್ನು ನಂಬುವ ಹಾಗಿಲ್ಲ. ಹೊಟ್ಟೆಯೊಳಗೆ ಕೈ ಹಾಕಿ ಬೆನ್ನುಮೂಳೆಯ ಉದ್ದಕ್ಕೂ ಬೆರಳಾಡಿಸಬೇಕು. ಇವತ್ತೂ ಅಲ್ಲಿ ಅಂಗೈ ಅಗಲದ ಐಸ್ ಚಕ್ಕೆಯೊಂದು ಕತ್ತಿನ ತುಂಡನ್ನು ಕಚ್ಚಿಕೊಂಡು ಕೂತಿತ್ತು. ಐಸ್ ಇರುವ ಕಡೆ ಉಪ್ಪು ಒಳಗಿಳಿಯುವುದಿಲ್ಲ, ಕರಗಿದ ಐಸ್ ಉಪ್ಪುನೀರನ್ನೂ ತೆಳುಮಾಡುತ್ತದೆ. ನೀರು ಸೋರದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿದರೆ ಬಿಡುತ್ತದೆ. ಬಿಸಿನೀರು ಬೇಡ. ಹೊರಮೈ ಬೆಚ್ಚಗಾಗಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ನಡುವೆ ಐಸ್ ಹಾಗೇ ಉಳಿದಿರುತ್ತದೆ.

ಕತ್ತು ಹೊಟ್ಟೆಯಲ್ಲಿರುತ್ತದೆ. ಹೃದಯ, ಜಠರ, ಪಿತ್ತಜನಕಾಂಗ ಇರುವ ಸಣ್ಣ ಚೀಲ ಸಾಮಾನ್ಯವಾಗಿ ಇನ್ನೊಂದು ತುದಿಯಲ್ಲಿ, ಕತ್ತಿನ ಚರ್ಮದ ಮಡಿಕೆಯೊಳಗೆ ಸಿಗುತ್ತದೆ. ಎರಡೂ ಕಡೆ ನೋಡಬೇಕು. ಕೊಳಾಯಿಯ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ನಮ್ಮವರಿಗೆ ಬಿಡುವುದು ಕಷ್ಟ. ತೊಳೆದರೆ ಹಸಿ ಮಾಂಸದ ನೀರು ಮೂರಡಿ ದೂರದವರೆಗೆ, ಪಕ್ಕದ ಕೋಸಂಬರಿ ಪಾತ್ರೆಗೂ ಸಿಡಿಯಬಹುದು. ಟಿಶ್ಯೂದಲ್ಲಿ ಒರೆಸಿದರೆ ಸಾಕು.

ಇದಕ್ಕೆಲ್ಲ ಮೊದಲು ಲೇಬಲ್ ಓದಿರಬೇಕು. ‘ಕಂಟೈನ್ಸ್ ಅಪ್ ಟು 8% ಸೊಲ್ಯೂಷನ್’, ‘ಸೆಲ್ಫ್ ಬೇಸ್ಟಿಂಗ್’ ಎಂದೇನಾದರೂ ಇದ್ದರೆ ಕಾರ್ಖಾನೆಯಲ್ಲೇ ಸೂಜಿ ಚುಚ್ಚಿ ಉಪ್ಪುನೀರು ತುಂಬಿಸಿದ್ದಾರೆ ಎಂದರ್ಥ. ಅಗ್ಗದ ಫ್ರೋಜನ್ ಟರ್ಕಿಗಳಲ್ಲಿ ಇವೇ ಹೆಚ್ಚು. ಕೋಶರ್ (ಯಹೂದಿ ಆಹಾರ ನಿಯಮದಂತೆ ಸಿದ್ಧಪಡಿಸಿದ್ದು) ಎಂದು ಬರೆದಿದ್ದರೂ ಉಪ್ಪು ಆಗಲೇ ಬಿದ್ದಿದೆ. ಇಂಥವನ್ನು ಮತ್ತೆ ನೆನೆಹಾಕಿದರೆ ಬಾಯಿಗಿಡುವ ಹಾಗಿರುವುದಿಲ್ಲ. ಸುಮ್ಮನೆ ಚರ್ಮ ಒಣಗಿಸಿ ಅವನ್‌ಗೆ ಹಾಕುವುದು.

ಇನ್ನು ಉಪ್ಪು. ಅರ್ಧಕ್ಕರ್ಧ ಟರ್ಕಿಗಳು ಕೆಡುವುದು ಇಲ್ಲೇ ಅಂತ ನನ್ನ ಅನುಮಾನ. ಗ್ಯಾಲನ್ (ಸುಮಾರು 3.8 ಲೀಟರ್) ನೀರಿಗೆ ಒಂದು ಕಪ್ ಉಪ್ಪು ಎಂದು ಎಲ್ಲೆಲ್ಲೂ ಬರೆದಿರುತ್ತಾರೆ, ಯಾವ ಉಪ್ಪು ಎಂದು ಬರೆಯುವುದಿಲ್ಲ. ಡೈಮಂಡ್ ಕ್ರಿಸ್ಟಲ್ ಕಂಪನಿಯ ಕೋಶರ್ ಉಪ್ಪು, ಅಂದರೆ ದಪ್ಪ ಕಣದ ಅಡುಗೆ ಉಪ್ಪು, ಒಂದು ಕಪ್ಪಿಗೆ ಸುಮಾರು 135 ಗ್ರಾಂ ತೂಗುತ್ತದೆ. ಮಾರ್ಟನ್ ಕೋಶರ್ ಸುಮಾರು 240. ಪುಡಿ ಉಪ್ಪು, ಅಂದರೆ ಇಂಡಿಯನ್ ಅಂಗಡಿಯಿಂದ ತರುವ ಟಾಟಾ ಉಪ್ಪಿನಂಥದ್ದು, ಸುಮಾರು 290. ಮೊದಲನೆಯದಕ್ಕೆ ಬರೆದ ಪಾಕವನ್ನು ಪುಡಿ ಉಪ್ಪಿನಲ್ಲಿ ಮಾಡಿದರೆ ನೀರು ಎರಡು ಪಟ್ಟು ಉಪ್ಪಾಗುತ್ತದೆ. ತೂಗಿದರೆ ಈ ತಲೆನೋವಿಲ್ಲ, ಯಾವ ಉಪ್ಪಾದರೂ ನಡೆಯುತ್ತದೆ, ಹರಳುಪ್ಪೂ ಸೇರಿ.

ಇವತ್ತಿನ ಲೆಕ್ಕ ಲೀಟರಿಗೆ 60 ಗ್ರಾಂ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಹಕ್ಕಿ ಮುಳುಗಲು 7.5 ಲೀಟರ್ ನೀರು ಬೇಕು, ಹಾಗಾಗಿ 450 ಗ್ರಾಂ ಉಪ್ಪು. ಜೊತೆಗೆ 150 ಗ್ರಾಂ ಬೆಲ್ಲ, ಚರ್ಮಕ್ಕೆ ಕೆಂಪು ಬಣ್ಣ ಬರಲೆಂದು. ನೀರನ್ನೆಲ್ಲ ಕಾಯಿಸಿದರೆ ಅದು ಆರುವಷ್ಟರಲ್ಲಿ ಮಧ್ಯರಾತ್ರಿ ಕಳೆಯುತ್ತದೆ. ಎರಡೇ ಲೀಟರ್ ಕಾಯಿಸಿ ಅದರಲ್ಲಿ ಉಪ್ಪು, ಬೆಲ್ಲ ಕರಗಿಸಿ, ಒಲೆಯಿಂದ ಇಳಿಸಿ, ಎರಡೂವರೆ ಕಿಲೋ ಐಸ್, ಫ್ರಿಜ್ಜಿನಲ್ಲಿಟ್ಟ ಮೂರು ಲೀಟರ್ ತಣ್ಣೀರು ಸುರಿದರೆ ಹತ್ತು ನಿಮಿಷದಲ್ಲಿ ಕೊರೆಯುವಷ್ಟು ತಣ್ಣಗಾಗುತ್ತದೆ. ಒಂದು ಕಿಲೋ ಐಸ್ ಕರಗಿದರೆ ಒಂದು ಲೀಟರ್ ನೀರು, ಅದನ್ನೂ ತೂಗಿಯೇ ಹಾಕಬೇಕು. ಥರ್ಮಾಮೀಟರ್ 4 ಡಿಗ್ರಿ ಸೆಲ್ಸಿಯಸ್, ಅಂದರೆ 40 ಫ್ಯಾರನ್‌ಹೀಟ್, ಅಥವಾ ಅದಕ್ಕಿಂತ ಕೆಳಗೆ ತೋರಿಸಿದ ಮೇಲೆಯೇ ಹಕ್ಕಿ ಒಳಗೆ. ಎದೆ ಕೆಳಗೆ, ಮೇಲೊಂದು ಭಾರದ ತಟ್ಟೆ, ಇಲ್ಲದಿದ್ದರೆ ತೇಲುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡ, ಉಪ್ಪಿಗೆ ಕಲೆಯಾಗಿ ರುಚಿಯೂ ಕೆಡುತ್ತದೆ. ಕಸದ ಚೀಲವೂ ಬೇಡ, ಅದು ಆಹಾರ ಇಡುವ ಪ್ಲಾಸ್ಟಿಕ್ ಅಲ್ಲ.

ಫ್ರಿಜ್ಜಿನಲ್ಲಿ ಜಾಗವಿಲ್ಲದವರು ಪಾತ್ರೆಯನ್ನು ಗರಾಜಿನಲ್ಲಿಡುತ್ತಾರೆ. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನವೆಂಬರ್ ಅದಕ್ಕೆ ಸಾಲುವಷ್ಟು ತಣ್ಣಗಿರುವುದಿಲ್ಲ, ಮಿನ್ನೆಸೋಟಾದಲ್ಲಾದರೆ ಹೆಪ್ಪುಗಟ್ಟೀತು. ಅದಕ್ಕಿಂತ ಕೂಲರ್ (ಐಸ್ ಪೆಟ್ಟಿಗೆ) ಮೇಲು: ಹಕ್ಕಿಯನ್ನೂ ಉಪ್ಪುನೀರನ್ನೂ ಬ್ರೈನಿಂಗ್ ಬ್ಯಾಗಿನಲ್ಲಿ (ಉಪ್ಪುನೀರಲ್ಲಿ ನೆನೆಹಾಕಲೆಂದೇ ಮಾಡಿದ ಚೀಲ) ಕಟ್ಟಿ, ಸುತ್ತ ಐಸ್ ತುಂಬಿ, ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೆ ಒಮ್ಮೆ ಉಷ್ಣತೆ ನೋಡಬೇಕು.

ಉಪ್ಪಿನಕಾಯಿ ಹಾಕಿ ಗೊತ್ತಿರುವವರಿಗೆ ಇಲ್ಲೊಂದು ಪ್ರಶ್ನೆ ಏಳಬೇಕು. ಮಾವಿನ ಮಿಡಿಗೆ ಉಪ್ಪು ಹಾಕಿದರೆ ನೀರು ಬಿಟ್ಟು ಚಿರುಟುತ್ತದೆ. ಹಾಗಿದ್ದರೆ ಟರ್ಕಿ ಏಕೆ ಒಣಗುವುದಿಲ್ಲ? ಒಂದು, ಮಿಡಿಗೆ ಹಾಕುವ ಉಪ್ಪಿನ ಮುಂದೆ ಈ ಶೇ. 6ರ ನೀರು ಏನೂ ಅಲ್ಲ. ಎರಡು, ಮಾಂಸದ ಎಳೆಗಳಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಇದೆ. ಉಪ್ಪು ಅದನ್ನು ಸ್ವಲ್ಪ ಕರಗಿಸಿ ಎಳೆಗಳನ್ನು ಸಡಿಲಿಸುತ್ತದೆ, ಸಡಿಲಾದ ಎಳೆ ಉಬ್ಬಿ ನೀರು ಹಿಡಿಯುತ್ತದೆ. ಬೇಯುವಾಗ ಎಳೆಗಳು ಬಿಗಿದು ನೀರನ್ನು ಹಿಂಡಿಹಾಕುತ್ತವಲ್ಲ, ಆ ಹಿಂಡುವಿಕೆ ಈಗ ಕಡಿಮೆ. ಲಾಭ ಆಗುವುದು ಮುಖ್ಯವಾಗಿ ಎದೆ ಮಾಂಸಕ್ಕೆ. ತೊಡೆಯಲ್ಲಿ ಕೊಬ್ಬಿದೆ, ಅದು ಹೇಗೂ ತಡೆದುಕೊಳ್ಳುತ್ತದೆ.

ಆದರೆ ಅತಿಯಾದರೆ ಇದೇ ಕರಗುವಿಕೆ ಮಾಂಸವನ್ನು ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ಹ್ಯಾಮ್‌ನಂತೆ ನುಣ್ಣಗೆ, ಗಟ್ಟಿಯಾಗಿ ಮಾಡಿಬಿಡುತ್ತದೆ. ಈ ಹದದ ನೀರಿನಲ್ಲಿ ಈ ತೂಕದ ಹಕ್ಕಿಗೆ 12ರಿಂದ 18 ಗಂಟೆ. ರಾತ್ರಿ ಒಂಬತ್ತಕ್ಕೆ ಇಳಿದದ್ದು ನಾಳೆ ಮಧ್ಯಾಹ್ನ ಒಂದಕ್ಕೆ ಹೊರಗೆ, ಹದಿನಾರು ಗಂಟೆ. ಹೊತ್ತು ಮೀರಿತೋ, ತಾಜಾ ತಣ್ಣೀರಿನಲ್ಲಿ ಒಂದು ಗಂಟೆ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಉಪ್ಪು ಇಳಿಯುತ್ತದೆ. ಆದರೆ ಮಾಂಸದ ಹದ ಹಿಂದಕ್ಕೆ ಬರುವುದಿಲ್ಲ.

ಮಸಾಲೆ? ಉಪ್ಪು ಒಳಗಿಳಿದಷ್ಟು ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಇಳಿಯುವುದಿಲ್ಲ. ಅವುಗಳ ಪರಿಮಳ ಹೆಚ್ಚುಕಮ್ಮಿ ಹೊರಮೈಯಲ್ಲೇ ನಿಲ್ಲುತ್ತದೆ. ಎರಡು ಚಮಚ ಕರಿಮೆಣಸು, ನಾಲ್ಕು ಪಲಾವ್ ಎಲೆ ಹಾಕಿದ್ದೇನೆ, ಅದೂ ಅಭ್ಯಾಸಬಲದಿಂದ. (ಪಲಾವ್ ಎಲೆ ಬೇರೆ, ಇಲ್ಲಿನ ಬೇ ಲೀಫ್ ಬೇರೆ. ನಮ್ಮದರಲ್ಲಿ ದಾಲ್ಚಿನ್ನಿಯ ವಾಸನೆ.) ನಮ್ಮ ಮಸಾಲೆಯ ರುಚಿ ನಿಜಕ್ಕೂ ಬೇಕಿದ್ದರೆ ನೀರಿಗೆ ಸುರಿದು ದಂಡಮಾಡುವ ಬದಲು, ಗುರುವಾರ ಬೆಳಿಗ್ಗೆ ಕುಟ್ಟಿದ ಮೆಣಸು, ಜೀರಿಗೆಯನ್ನು ಉಪ್ಪಿಲ್ಲದ ಬೆಣ್ಣೆಯಲ್ಲಿ ಕಲಸಿ ಎದೆಯ ಚರ್ಮದಡಿ ಸವರಬೇಕು. ಚರ್ಮ ಹರಿಯದಂತೆ ಬೆರಳಿನ ಮೃದುಭಾಗದಲ್ಲಿ ಬಿಡಿಸಿಕೊಳ್ಳಿ, ಉಗುರು ತಾಗಿದರೆ ಕಿತ್ತುಬರುತ್ತದೆ. ಅಂಗಡಿಯ ಮಸಾಲೆ ಪುಡಿಗಳಲ್ಲಿ ಉಪ್ಪಿರುತ್ತದೆ, ನೋಡಿಕೊಳ್ಳಿ.

ಒಣ ಉಪ್ಪಿನ ದಾರಿಯೂ ಇದೆ: ಐದು ಪೌಂಡಿಗೆ ಒಂದು ಟೇಬಲ್ ಚಮಚ ಕೋಶರ್ ಉಪ್ಪು ಮೈಗೆಲ್ಲ ಸವರಿ ಎರಡು ಮೂರು ದಿನ ಫ್ರಿಜ್ಜಿನಲ್ಲಿಡುವುದು. ಮೊದಲು ಸವತೆಕಾಯಿಯ ಹಾಗೆ ನೀರು ಬಿಡುತ್ತದೆ, ಆಮೇಲೆ ಆ ಉಪ್ಪುರಸ ಮತ್ತೆ ಒಳಗೆ ಹೋಗುತ್ತದೆ. ಜಾಗ ಉಳಿಯುತ್ತದೆ, ಚರ್ಮ ಗರಿಗರಿ, ರುಚಿಯೂ ಗಾಢ. ಉಪ್ಪುನೀರಿನಲ್ಲಿ ನೆಂದದ್ದು ಹೀರಿಕೊಳ್ಳುವುದು ಬಹುಪಾಲು ಬರೀ ನೀರನ್ನು, ಹಾಗಾಗಿ ಅದರ ರಸ ಸ್ವಲ್ಪ ಸಪ್ಪೆ ಎನ್ನುವ ದೂರು ಸುಳ್ಳಲ್ಲ. ಆದರೂ ಹೊಸಬರಿಗೆ, ಬೇಗ ಬಿಸಿಯೇರುವ ಹಠಮಾರಿ ಅವನ್ ಇರುವವರಿಗೆ ನೀರೇ ವಾಸಿ. ಇಪ್ಪತ್ತು ನಿಮಿಷ ಹೆಚ್ಚು ಬೆಂದರೂ ಎದೆ ಮಾಂಸ ತೆಂಗಿನ ನಾರಾಗುವುದಿಲ್ಲ.

ನಾಳೆ ಎತ್ತಿದ ಮೇಲೆ: ತೊಳೆಯುವುದಿಲ್ಲ, ಒಳಗೂ ಹೊರಗೂ ಒರೆಸಿ ತಂತಿ ಜಾಲರಿಯ ಮೇಲೆ, ಕೆಳಗೆ ಟ್ರೇ, ಫ್ರಿಜ್ಜಿನ ತೀರ ಕೆಳಗಿನ ಶೆಲ್ಫಿನಲ್ಲಿ. ಗುರುವಾರ ಬೆಳಿಗ್ಗೆ ಮುಟ್ಟಿದರೆ ಚರ್ಮ ಕಾಗದದಷ್ಟು ಒಣಗಿ, ಬಿಗಿದು, ಕೊಂಚ ಪಾರದರ್ಶಕವಾಗಿರಬೇಕು. ನೆನೆಸಿದ ನೀರನ್ನು ಮತ್ತೆ ಯಾತಕ್ಕೂ ಬಳಸುವಂತಿಲ್ಲ.

ಗುರುವಾರ ಅವನ್ ಶಾಖ 325 ಫ್ಯಾರನ್‌ಹೀಟ್. ಸುಮಾರು ಮೂರು ಗಂಟೆ, ಎರಡೂವರೆಯಿಂದಲೇ ಥರ್ಮಾಮೀಟರ್ ಚುಚ್ಚಿ ನೋಡುತ್ತಿರಬೇಕು. ಎದೆಯ ದಪ್ಪ ಭಾಗ, ತೊಡೆಯ ಸಂದಿ ಎರಡೂ 165 ಮುಟ್ಟಬೇಕು, ಕಡ್ಡಿ ಮೂಳೆಗೆ ತಾಗಬಾರದು. ಬೆಂದದ್ದನ್ನು ತೋರಿಸಲೆಂದು ಎದೆಗೆ ಚುಚ್ಚಿ ಕಳಿಸುವ ಪ್ಲಾಸ್ಟಿಕ್ ಗುಂಡಿ ಮೇಲೇಳಲಿ ಎಂದು ಕಾಯುವುದು ಬೇಡ. ಹೊಟ್ಟೆಗೆ ಸ್ಟಫಿಂಗ್, ಅಂದರೆ ಬ್ರೆಡ್ಡಿನ ಹೂರಣ, ತುರುಕುವುದೂ ಬೇಡ. ಬ್ರೆಡ್ಡು ಉಪ್ಪುರಸವನ್ನೆಲ್ಲ ಕುಡಿಯುತ್ತದೆ, ಅದೂ 165ಕ್ಕೆ ಬರುವ ಹೊತ್ತಿಗೆ ಎದೆ ಮಾಂಸ ಬೆಂದು ಮುಗಿದಿರುತ್ತದೆ. ಕತ್ತರಿಸುವ ಮುಂಚೆ ಅರ್ಧ ಗಂಟೆ ಬಿಡಬೇಕು.

ಟ್ರೇಯಲ್ಲಿ ಇಳಿದ ರಸ ಈ ಸಲ ಮಾಮೂಲಿಗಿಂತ ಉಪ್ಪಾಗಿರುತ್ತದೆ. ಅದನ್ನೇ ಕುದಿಸಿ ಗಟ್ಟಿ ಮಾಡಿದರೆ ಗ್ರೇವಿ ಕೆಟ್ಟಿತು. ಅದಕ್ಕೇ ಕತ್ತು, ಜಠರ, ಒಂದು ಈರುಳ್ಳಿ, ಒಂದು ಕ್ಯಾರೆಟ್ ಹಾಕಿ ಉಪ್ಪಿಲ್ಲದೆ ಎರಡು ಲೀಟರ್ ಸ್ಟಾಕ್ (ತಿಳಿ ಸಾರು) ಈಗಲೇ ಒಲೆಯ ಮೇಲಿದೆ. ಗ್ರೇವಿಗೆ ಸ್ಟಾಕ್ ಮೊದಲು, ಟ್ರೇಯ ರಸ ಆಮೇಲೆ, ಚಮಚ ಚಮಚವಾಗಿ, ಪ್ರತಿ ಸಲ ನೆಕ್ಕಿ ನೋಡಿ.